ಹಳೇ ಕಾರು ಎಷ್ಟು ತಗ್ಗಬಹುದು? ಸ್ಪ್ರಿಂಗು, ಶಾಕು ಮತ್ತು ಜೇಬಿನ ಲೆಕ್ಕ

ಅಕ್ಕನ ಮಗ ಹೋದ ತಿಂಗಳು ಹಳೇ ಮಾರುತಿ ಝೆನ್ ಒಂದನ್ನು ಮನೆಗೆ ತಂದ. 2003ರ ಗಾಡಿ, ಕೆಎ-17 ನಂಬರು, ಬಾನೆಟ್ಟಿನ ಬಣ್ಣ ಸೀದ ರೊಟ್ಟಿಯ ಹಾಗೆ ಅಲ್ಲಲ್ಲಿ ಎದ್ದಿದೆ. ಮೂರನೇ ದಿನಕ್ಕೇ ಪ್ರಶ್ನೆ ಬಂತು: "ಮಾಮ, ಮುಂದೆ ಎರಡು ಸುತ್ತು, ಹಿಂದೆ ಎರಡು ಸುತ್ತು ಸ್ಪ್ರಿಂಗ್ ಕಟ್ ಮಾಡಿಸಿದ್ರೆ ಸಾಕಲ್ವಾ? ಐನೂರು ರೂಪಾಯಿಗೆ ಮಾಡ್ಕೊಡ್ತಾರಂತೆ."

ಈ ಪ್ರಶ್ನೆ ಅವನೊಬ್ಬನದಲ್ಲ. ದಾವಣಗೆರೆಯಲ್ಲಿ ಸಂಜೆ ಶಾಮನೂರು ರಸ್ತೆಯಲ್ಲೋ ಗಾಜಿನ ಮನೆಯ ಕಡೆಯೋ ಹೋದರೆ ನೆಲಕ್ಕೆ ಅಂಟಿದಂತೆ ಓಡುವ ಹಳೇ ಝೆನ್, ಎಸ್ಟೀಮ್, 800 ಕಣ್ಣಿಗೆ ಬೀಳುತ್ತವೆ. ನೋಡಲು ಚೆಂದ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಹಂಪ್ಸ್ ಬಂದಾಗ ಅವೇ ಕಾರುಗಳು ಹಾವಿನ ಹಾಗೆ ಅಡ್ಡಡ್ಡ ಹೊರಳಿ ದಾಟುವುದನ್ನೂ ನೋಡಿದ್ದೇನೆ. ಐನೂರು ರೂಪಾಯಿಯ ಕೆಲಸಕ್ಕೂ ಅದರ ಹತ್ತಾರು ಪಟ್ಟು ಬೆಲೆಯ ಕೆಲಸಕ್ಕೂ ನಡುವೆ ನಿಜವಾಗಿ ಏನು ವ್ಯತ್ಯಾಸ ಎಂದು ಹುಡುಗನಿಗೆ ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚಕ್ರಕ್ಕೂ ಬಾಡಿಗೂ ನಡುವೆ ಏನಿದೆ

ಎತ್ತಿನ ಗಾಡಿಯಲ್ಲಿ ಕೂತು ಹೊಲಕ್ಕೆ ಹೋದವರಿಗೆ ಸಸ್ಪೆನ್ಷನ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಕಲ್ಲಿನ ಏಟು ಗಾಲಿಯಿಂದ ನೇರ ಬೆನ್ನುಮೂಳೆಗೆ ಬರುತ್ತದೆ. ಕಾರಿನಲ್ಲಿ ಆ ಏಟನ್ನು ನಡುದಾರಿಯಲ್ಲಿ ಹಿಡಿಯುವವರು ಇಬ್ಬರು, ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್. ಗ್ಯಾರೇಜಿನವರ ಬಾಯಲ್ಲಿ ಎರಡನೆಯದು ಬರೀ "ಶಾಕು".

ಭಾರ ಹೊರುವುದು ಸ್ಪ್ರಿಂಗು. ಕಾರು ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದೂ ಅದೇ. ಶಾಕಿನ ಕೆಲಸ ಬೇರೆ. ತೊಟ್ಟಿಲನ್ನು ಒಮ್ಮೆ ತೂಗಿ ಬಿಟ್ಟರೆ ಅದು ತನ್ನಷ್ಟಕ್ಕೆ ಆಡುತ್ತಲೇ ಇರುತ್ತದಲ್ಲ, ಬರೀ ಸ್ಪ್ರಿಂಗಿನ ಮೇಲೆ ನಿಂತ ಕಾರೂ ಹಾಗೇ ಆಡುತ್ತದೆ. ಬ್ಯಾಂಕಿನ ಗಾಜಿನ ಬಾಗಿಲು ನೆನಪಿಸಿಕೊಳ್ಳಿ. ತಳ್ಳಿ ಬಿಟ್ಟರೆ ಪಟಾರನೆ ಬಡಿಯದೆ ನಿಧಾನಕ್ಕೆ ಬಂದು ಮುಚ್ಚಿಕೊಳ್ಳುತ್ತದೆ, ಏಕೆಂದರೆ ಮೇಲಿನ ಡಬ್ಬಿಯೊಳಗೆ ಎಣ್ಣೆ ಸಣ್ಣ ತೂತಿನಲ್ಲಿ ನುಸುಳಿ ಹೋಗಬೇಕು. ಶಾಕಿನೊಳಗೂ ಇರುವುದು ಇದೇ ಏರ್ಪಾಡು: ಎಣ್ಣೆ, ಪಿಸ್ಟನ್, ಸಣ್ಣ ದಾರಿಗಳು. ಅದು ಭಾರ ಹೊರುವುದಿಲ್ಲ, ಕುಣಿತ ನಿಲ್ಲಿಸುತ್ತದೆ. ಹಾಗಾಗಿ "ಶಾಕ್ ಬದಲಾಯಿಸಿ ಕಾರು ತಗ್ಗಿಸೋದು" ಎಂಬ ಮಾತಿಗೆ ಅರ್ಥವಿಲ್ಲ. ತಗ್ಗಬೇಕಾದರೆ ಸ್ಪ್ರಿಂಗಿನಲ್ಲೇ ಏನಾದರೂ ಬದಲಾಗಬೇಕು.

ಝೆನ್, 800, ಎಸ್ಟೀಮ್‌ಗಳ ಮುಂಭಾಗದಲ್ಲಿ ಸ್ಪ್ರಿಂಗು ಶಾಕಿನ ಮೈಮೇಲೇ ಕೂತು ಎರಡೂ ಸೇರಿ ಒಂದು ಕಂಬದಂತಿರುತ್ತವೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಎಂದರೆ ಇದೇ. ಇವುಗಳ ಜೊತೆಗೆ ಯಾರ ಗಮನಕ್ಕೂ ಬಾರದ ಒಂದು ರಬ್ಬರಿನ ಗೊಂಬೆ ಇದೆ, ಬಂಪ್ ಸ್ಟಾಪ್. ಚಕ್ರ ಇನ್ನು ಮೇಲೆ ಹೋಗಲು ಜಾಗವಿಲ್ಲ ಎಂದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಕೊನೆಯ ಏಟನ್ನು ತಿನ್ನುವುದು ಅದು. ಮುಂದಿನ ಮಾತಿಗೆ ಈ ರಬ್ಬರು ಬಹಳ ಮುಖ್ಯ.

ತಗ್ಗಿಸಿದಾಗ ಕಡಿಮೆಯಾಗುವುದೇನು

ಕಾರು ನಿಂತಿರುವಾಗ ಚಕ್ರ ಮೇಲಕ್ಕೆ ಹೋಗಿ ಬಂಪ್ ಸ್ಟಾಪ್ ಮುಟ್ಟಲು 80 ಮಿ.ಮೀ. ಜಾಗ ಇದೆ ಎಂದುಕೊಳ್ಳಿ. ಗುಂಡಿಯ ಅಂಚು ಹೊಡೆದಾಗ ಆ 80 ಮಿ.ಮೀ. ಒಳಗೆ ಏಟು ಮುಗಿಯಬೇಕು. ಕಾರನ್ನು 40 ಮಿ.ಮೀ. ತಗ್ಗಿಸಿದರೆ ಚಕ್ರ ಇದ್ದಲ್ಲೇ ಇದ್ದು ಬಾಡಿ ಕೆಳಗೆ ಬರುತ್ತದೆ. ಉಳಿಯುವ ಜಾಗ 40 ಮಿ.ಮೀ. ರಸ್ತೆ ಮಾತ್ರ ಹಳೆಯದೇ, ಗುಂಡಿಯೂ ಹಳೆಯದೇ.

ಅರ್ಧ ಜಾಗದಲ್ಲಿ ಅದೇ ಏಟನ್ನು ನುಂಗಲು ಸ್ಪ್ರಿಂಗು ಎರಡು ಪಟ್ಟು ಬಿಗಿಯಾದರೆ ಸಾಲದು, ನಾಲ್ಕು ಪಟ್ಟಾಗಬೇಕು. ಸ್ಪ್ರಿಂಗು ಹೀರುವ ಶಕ್ತಿ ಅದು ಅದುಮಿಕೊಂಡ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ ಎಂದು ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ನಾಲ್ಕು ಪಟ್ಟು ಬಿಗಿ ಸ್ಪ್ರಿಂಗ್ ಹಾಕಿದರೆ ಮತ್ತೆ ಎತ್ತಿನ ಗಾಡಿಯೇ. ಹಾಗಾಗಿ ಯಾರೂ ಅಷ್ಟು ಬಿಗಿ ಹಾಕುವುದಿಲ್ಲ. ತಗ್ಗಿಸಿದ ಕಾರು ಹೆಚ್ಚು ಸಲ ರಬ್ಬರಿಗೆ ಬಡಿಯುತ್ತದೆ ಎಂದು ಒಪ್ಪಿಕೊಂಡೇ ಹೊರಡಬೇಕು. ಎಷ್ಟು ಸಲ, ಎಷ್ಟು ಜೋರಾಗಿ ಎಂಬುದಷ್ಟೇ ನಮ್ಮ ಕೈಲಿರುವುದು.

ಲಾಭ ಇಲ್ಲವೇ ಇಲ್ಲವೆಂದಲ್ಲ. ಭಾರದ ನಡುಬಿಂದು ಕೆಳಗೆ ಬಂದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಿಮೆ. ಸಣ್ಣ ಕಾರಿನಲ್ಲಿ ಆ ಬಿಂದು ನೆಲದಿಂದ ಸುಮಾರು ಅರ್ಧ ಮೀಟರ್ ಮೇಲಿರುತ್ತದೆ. 30 ಮಿ.ಮೀ. ಇಳಿದರೆ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲು. ಇದ್ದರೂ ಅಲ್ಪ. ಇದರಲ್ಲೊಂದು ತಮಾಷೆಯಿದೆ. ಮ್ಯಾಕ್‌ಫರ್ಸನ್ ಮುಂಭಾಗದ ಕಾರಿನಲ್ಲಿ ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಆರ್ಮ್, ನೆಲಕ್ಕೆ ಸಮವಾಗಿಯೋ ಚಕ್ರದ ಕಡೆ ಸ್ವಲ್ಪ ಇಳಿಜಾರಾಗಿಯೋ ಇರಬೇಕು. ಅತಿ ತಗ್ಗಿಸಿದರೆ ಚಕ್ರದ ಕಡೆಯ ತುದಿ ಮೇಲಕ್ಕೆ ಬಂದು ಆರ್ಮ್ ಉಲ್ಟಾ ವಾಲುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಆಗ ಭಾರದ ನಡುಬಿಂದುವಿಗಿಂತ ಬೇಗ ಕೆಳಗೆ ಜಾರುತ್ತದೆ. ಎರಡರ ನಡುವಿನ ಅಂತರ ಹೆಚ್ಚಾಗಿ, ತಗ್ಗಿಸಿದ ಕಾರೇ ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ಕಾರಿನ ಕೆಳಗೆ ಬಗ್ಗಿ ಆ ಆರ್ಮ್ ಹೇಗಿದೆ ನೋಡಿ. ಎಷ್ಟು ತಗ್ಗಿಸಬಹುದು ಎಂಬುದಕ್ಕೆ ಬಿಟ್ಟಿ ಸಿಗುವ ಗುರುತು ಅದು.

ಸುತ್ತು ಕತ್ತರಿಸುವ ಲೆಕ್ಕ

ಈಗ ಐನೂರು ರೂಪಾಯಿಯ ಕೆಲಸಕ್ಕೆ ಬರೋಣ. ಸುರುಳಿ ಸ್ಪ್ರಿಂಗಿನ ಬಿಗಿ ಮೂರು ಸಂಗತಿಗಳ ಮೇಲೆ ನಿಂತಿದೆ: ತಂತಿಯ ದಪ್ಪ, ಸುರುಳಿಯ ಅಗಲ, ಮತ್ತು ಕೆಲಸ ಮಾಡುವ ಸುತ್ತುಗಳ ಸಂಖ್ಯೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಬಿಗಿ. ಆರು ಸುತ್ತಿನಲ್ಲಿ ಒಂದು ತೆಗೆದರೆ ಬಿಗಿ ಶೇ. 20 ಏರುತ್ತದೆ. ಕತ್ತರಿಸಿದರೆ ಸ್ಪ್ರಿಂಗು ಮೆತ್ತಗಾಗುತ್ತದೆ ಎಂದು ಹೇಳುವವರಿದ್ದಾರೆ, ಅದು ತಪ್ಪು.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಊಹೆಯ ಸ್ಪ್ರಿಂಗು ತೆಗೆದುಕೊಳ್ಳೋಣ. ಬಿಚ್ಚಿಟ್ಟಾಗ ಉದ್ದ 310 ಮಿ.ಮೀ., ಸಮ ಅಂತರದ ಆರು ಸುತ್ತು, ಒಂದು ಮಿ.ಮೀ. ಅದುಮಲು 2 ಕೆ.ಜಿ. ಬೇಕು. ಇದರ ಮೇಲೆ ಕಾರಿನ 200 ಕೆ.ಜಿ. ಕೂತರೆ 100 ಮಿ.ಮೀ. ಕುಗ್ಗಿ 210ಕ್ಕೆ ನಿಲ್ಲುತ್ತದೆ. ಈಗ ಒಂದು ಸುತ್ತು ಕತ್ತರಿಸಿ. ಬಿಚ್ಚಿಟ್ಟ ಉದ್ದ ಸುಮಾರು 258 ಆಯಿತು, ಬಿಗಿ 2.4 ಆಯಿತು, ಅದೇ ಭಾರಕ್ಕೆ 83 ಕುಗ್ಗಿ 175ಕ್ಕೆ ನಿಂತಿತು. ಕಾರು ಇಳಿದದ್ದು 35 ಮಿ.ಮೀ.

35 ಅಂದರೆ 210ರ ಆರನೇ ಒಂದು ಭಾಗ. ಕಾರು ತನ್ನ ಕಾಲ ಮೇಲೆ ನಿಂತಿರುವಾಗ ಸ್ಪ್ರಿಂಗಿನ ಒಂದು ಸುತ್ತಿನ ನಡುವಿನಿಂದ ಮುಂದಿನ ಸುತ್ತಿನ ನಡುವಿಗೆ ಎಷ್ಟು ದೂರವೋ, ಒಂದು ಸುತ್ತು ತೆಗೆದರೆ ಕಾರು ಅಷ್ಟೇ ಇಳಿಯುತ್ತದೆ. ಸ್ಕೇಲು ಹಿಡಿದು ಚಕ್ರದ ಸಂದಿಯಲ್ಲೇ ಅಳೆದುಬಿಡಬಹುದು. "ಅಂದಾಜಿಗೆ ಒಂದೂವರೆ ಸುತ್ತು" ಎನ್ನುವ ಮೇಸ್ತ್ರಿಗಿಂತ ಈ ಸ್ಕೇಲು ವಾಸಿ. ಪ್ರೀಮಿಯರ್ ಪದ್ಮಿನಿಯ ಮುಂಭಾಗದಂತೆ ಸ್ಪ್ರಿಂಗು ಚಕ್ರದಿಂದ ಒಳಗೆ, ಆರ್ಮಿನ ನಡುವೆ ಕೂತಿದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಸ್ಪ್ರಿಂಗು ಸ್ವಲ್ಪ ಇಳಿದರೆ ಚಕ್ರದ ಬಳಿ ಹೆಚ್ಚು ಇಳಿಯುತ್ತದೆ.

ಇನ್ನು ನಮ್ಮ ಹುಡುಗನ ಎರಡು ಸುತ್ತು. ಇದೇ ಸ್ಪ್ರಿಂಗಿನಲ್ಲಿ ಕಾರು 70 ಮಿ.ಮೀ. ಇಳಿಯುತ್ತದೆ. 80ರಲ್ಲಿ ಉಳಿದದ್ದು 10. ಮೂರು ಜನ ಕೂತರೆ ಕಾರು ಸ್ಪ್ರಿಂಗಿನ ಮೇಲಲ್ಲ, ರಬ್ಬರಿನ ಮೇಲೆ ಓಡುತ್ತದೆ. ಆಮೇಲೆ ರಬ್ಬರು ಪುಡಿ, ಶಾಕಿನ ತಳ ಪುಡಿ, ಕೊನೆಗೆ ಮೇಲಿನ ಮೌಂಟಿಂಗ್ ಕೂರುವ ಬಾಡಿಯ ತಗಡಿಗೂ ಏಟು.

ಕತ್ತರಿಸಲೇಬೇಕೆಂದರೆ ಹೇಗೆ ಎಂಬುದು ಎಷ್ಟು ಎಂಬುದಷ್ಟೇ ದೊಡ್ಡ ವಿಷಯ. ಕಮ್ಮಾರ ಕುಡುಗೋಲಿಗೆ ಹದ ಹಾಕುವುದನ್ನು ನೋಡಿದವರಿಗೆ ಗೊತ್ತು, ಹದವಾದ ಉಕ್ಕನ್ನು ಮತ್ತೆ ಕೆಂಪಗೆ ಕಾಯಿಸಿದರೆ ಹದ ಹೋಗಿ ಬರೀ ಕಬ್ಬಿಣದಂತಾಗುತ್ತದೆ. ಸ್ಪ್ರಿಂಗೂ ಹದ ಹಾಕಿದ ಉಕ್ಕೇ. ಗ್ಯಾಸ್ ಕಟರಿನಲ್ಲಿ ಕತ್ತರಿಸಿದರೆ ತುದಿಯ ಹದ ಹೋಗುತ್ತದೆ. ಇನ್ನೂ ಅಗ್ಗದ, ಇನ್ನೂ ಕೆಟ್ಟ ದಾರಿಯೊಂದಿದೆ: ಸ್ಪ್ರಿಂಗು ಬಿಚ್ಚದೆ ಕಾರಿನಲ್ಲಿದ್ದಂತೆಯೇ ಗ್ಯಾಸಿನಲ್ಲಿ ಕಾಯಿಸಿ ತಾನಾಗಿ ಕೂರುವಂತೆ ಮಾಡುವುದು. ಅದನ್ನು ಯಾವ ಲೆಕ್ಕಕ್ಕೂ ಸೇರಿಸಬೇಡಿ. ಕತ್ತರಿಸುವುದಾದರೆ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಬಿಚ್ಚಿ, ಗ್ರೈಂಡರಿನ ತೆಳು ವೀಲಿನಲ್ಲಿ, ನಡುನಡುವೆ ನಿಲ್ಲಿಸಿ ಬಿಸಿಯಾಗದಂತೆ ಕತ್ತರಿಸಬೇಕು. ಅದುಮಿದ ಸ್ಪ್ರಿಂಗು ಕಂಪ್ರೆಸರಿಲ್ಲದೆ ಬಿಚ್ಚಿಕೊಂಡರೆ ದವಡೆ ಒಡೆಯುವಷ್ಟು ಜೋರಾಗಿ ಹಾರುತ್ತದೆ, ಹಗ್ಗ ಕಟ್ಟಿ ಬಿಚ್ಚುವವರ ಹತ್ತಿರ ನಿಲ್ಲಲೂ ಬೇಡಿ. ಎಲ್ಲ ಸ್ಪ್ರಿಂಗೂ ಕತ್ತರಿಸಲು ಬರುವುದಿಲ್ಲ ಎಂಬುದೂ ನೆನಪಿರಲಿ. ತುದಿ ಚಕ್ಕುಲಿಯಂತೆ ಒಳಕ್ಕೆ ಸುತ್ತಿಕೊಂಡಿದ್ದರೆ ಆ ತುದಿಯೇ ಸೀಟಿನಲ್ಲಿ, ಅಂದರೆ ಸ್ಪ್ರಿಂಗು ಕೂರುವ ಬಟ್ಟಲಿನಲ್ಲಿ, ಕೂರುವ ಭಾಗ. ಕತ್ತರಿಸಿದ ಮೊಂಡು ತುದಿ ಅಲ್ಲಿ ಕೂರುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ವಯಸ್ಸಿನಲ್ಲಿ ನನ್ನ ಹಳೇ 800ಕ್ಕೆ ಊರ ಹೊರಗಿನ ಒಂದು ಶೆಡ್ಡಿನಲ್ಲಿ ಹಿಂದಿನ ಸ್ಪ್ರಿಂಗು ಗ್ಯಾಸಿನಲ್ಲಿ ಕತ್ತರಿಸಿಕೊಂಡು ಬಂದಿದ್ದೆ. ಹದಿನೈದು ದಿನ ಖುಷಿಯೋ ಖುಷಿ. ಆಮೇಲೆ ಎಡಗಡೆ ಬಲಗಡೆಗಿಂತ ಒಂದು ಬೆರಳು ಕೆಳಗೆ ಕೂತಿತು. ಒಂದು ರಾತ್ರಿ ಹರಿಹರದಿಂದ ಬರುವಾಗ ಹಂಪ್ಸ್ ಹಾರಿದ್ದೇ ತಡ, ಹಿಂದೆ ತಾಮ್ರದ ಹಂಡೆ ಬಿದ್ದ ಸದ್ದು. ಇಳಿದು ಮೊಬೈಲ್ ಬೆಳಕಿನಲ್ಲಿ ನೋಡಿದರೆ ಸ್ಪ್ರಿಂಗು ಸೀಟು ಬಿಟ್ಟು ಓರೆಯಾಗಿ ನಿಂತಿದೆ, ಕತ್ತರಿಸಿದ ತುದಿ ಟೈರಿನ ಒಳಮೈಯನ್ನು ಗೀರುತ್ತಿದೆ. ಟೈರಿನ ಮೇಲೆ ಚಾಕುವಿನಲ್ಲಿ ಎಳೆದಂತೆ ಗೀರು. ಅದು ಸಿಡಿಯದೆ ಮನೆ ಸೇರಿದ್ದು ನಮ್ಮಮ್ಮ ದುಗ್ಗಮ್ಮನಿಗೆ ಹೊತ್ತ ಹರಕೆಯಿಂದ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಸ್ಪ್ರಿಂಗು ಯಾಕೆ ಹಾರಿತು ಎಂಬುದು ಮೇಲಿನ ಲೆಕ್ಕದಲ್ಲೇ ಇದೆ. ಒಂದು ಸುತ್ತು ತೆಗೆದಾಗ ಕಾರು ಇಳಿದದ್ದು 35, ಆದರೆ ಸ್ಪ್ರಿಂಗಿನ ಬಿಚ್ಚಿದ ಉದ್ದ ಕಡಿಮೆಯಾದದ್ದು 52. ಹಂಪ್ಸ್ ಹಾರಿ ಚಕ್ರ ಗಾಳಿಯಲ್ಲಿ ಜೋತುಬಿದ್ದಾಗ ಉದ್ದದ ಹಳೇ ಶಾಕು ಪೂರ್ತಿ ಬಿಚ್ಚಿಕೊಳ್ಳುತ್ತದೆ, ಗಿಡ್ಡ ಸ್ಪ್ರಿಂಗು ಅಷ್ಟು ದೂರ ತುಂಬಲಾರದೆ ಸಡಿಲವಾಗುತ್ತದೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಜಾಕ್ ಕೊಟ್ಟು ಚಕ್ರ ಜೋತುಬೀಳುವಂತೆ ಎತ್ತಿ, ಸ್ಟ್ಯಾಂಡ್ ಇಟ್ಟು, ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ. ಅಲುಗಬಾರದು. ಅಲುಗಿದರೆ ಆ ಕಾರು ರಸ್ತೆಗಿಳಿಯಬಾರದು. ಹೊಸ ಸ್ಪ್ರಿಂಗಿರಲಿ, ಕತ್ತರಿಸಿದ್ದಿರಲಿ, ಎಲ್ಲದಕ್ಕೂ ಇದೇ ಪರೀಕ್ಷೆ.

ಹಂಪ್ಸಿನ ಲೆಕ್ಕ

"ಚೇಂಬರ್ ಹೊಡೆಯುತ್ತಾ?" ಎಲ್ಲರೂ ಕೇಳುವ ಪ್ರಶ್ನೆ. ಚೇಂಬರ್ ಎಂದರೆ ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ. ಅದು ಒಡೆದು ಎಣ್ಣೆ ಸೋರಿದ ಮೇಲೂ ಓಡಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲಿ ಹಂಪ್ಸಿಗೂ ಅಳತೆಯಿದೆ: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ದುಂಡು ಬೆನ್ನು. ಝೆನ್‌ನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2335 ಮಿ.ಮೀ. ಅಂದರೆ ನಿಯಮದ ಹಂಪ್ಸಿನ ಮೇಲೆ ಕಾರಿನ ನಾಲ್ಕೂ ಚಕ್ರ ಏಕಕಾಲಕ್ಕೆ ಹತ್ತಿ ನಿಲ್ಲುತ್ತವೆ. ಆಗ ಚಕ್ರಗಳ ಮಟ್ಟಕ್ಕಿಂತ ಹಂಪ್ಸಿನ ನಡುಬೆನ್ನು ಮೇಲೇಳುವುದು ಬರೀ 40 ಮಿ.ಮೀ. ಅಷ್ಟನ್ನು ತಗ್ಗಿಸಿದ ಕಾರೂ ಸಲೀಸಾಗಿ ದಾಟುತ್ತದೆ.

ತೊಂದರೆ ಇರುವುದು ಓಣಿಯಲ್ಲಿ. ಮನೆ ಕಟ್ಟಿದ ಮೇಲೆ ಉಳಿದ ಜಲ್ಲಿ, ಸಿಮೆಂಟು ಸುರಿದು ರಾತ್ರೋರಾತ್ರಿ ಎಬ್ಬಿಸಿದ ಎರಡಡಿ ಅಗಲದ ಗೋಡೆಗಳಿವೆಯಲ್ಲ, ಅವು ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ ಪೂರ್ತಿಯಾಗಿ ನುಸುಳುತ್ತವೆ. ಆಗ 10 ಸೆಂ.ಮೀ. ಇದ್ದರೆ 10 ಸೆಂ.ಮೀ. ಪೂರ್ತಿ, 15 ಇದ್ದರೆ 15 ಪೂರ್ತಿ ಕಾರಿನ ಹೊಟ್ಟೆಗೆ ಎದುರಾಗುತ್ತದೆ. ಝೆನ್‌ಗೆ ಕಂಪನಿಯಿಂದ ಬಂದ ತಳದ ಎತ್ತರ ಸುಮಾರು 165 ಮಿ.ಮೀ. ಅದರಲ್ಲಿ 60 ಕಳೆದರೆ ಮಿಕ್ಕಿದ್ದೆಷ್ಟು, ನಿಮ್ಮ ಓಣಿಯ ಹಂಪ್ಸ್ ಎಷ್ಟು, ಮೊದಲು ಟೇಪು ಹಿಡಿದು ನೋಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡೇ ಚೇಂಬರಿನ ಕೆಳಗೆ ಅಳೆಯಬೇಕು. ಖಾಲಿ ಕಾರಿನ ಅಳತೆ ಹಬ್ಬದ ದಿನಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ರೆಡಿ ಸ್ಪ್ರಿಂಗು, ಸುತ್ತಿಸಿದ ಸ್ಪ್ರಿಂಗು, ಕಾಯಿಲ್‌ಓವರ್

ಕತ್ತರಿಸುವುದರ ಮುಂದಿನ ಮೆಟ್ಟಿಲು ಲೋಯರಿಂಗ್ ಸ್ಪ್ರಿಂಗು. ಗಿಡ್ಡವಾಗಿರಲೆಂದೇ ತಯಾರಾಗಿ, ಬಿಗಿ ಹೆಚ್ಚಿಸಿ, ಎರಡೂ ತುದಿ ಮೂಲ ಸೀಟಿಗೆ ಕೂರುವಂತೆ ಮಾಡಿದ್ದು. 25ರಿಂದ 35 ಮಿ.ಮೀ. ತಗ್ಗಿಸುವ ಜೋಡಿ ಸಿಕ್ಕರೆ ಬಜೆಟ್‌ನವರಿಗೆ ಅದೇ ಸರಿಯಾದ ಆಯ್ಕೆ ಎಂಬುದು ನನ್ನ ಎಣಿಕೆ. ಒಂದೇ ಎಚ್ಚರಿಕೆ: ಬಿಗಿ ಸ್ಪ್ರಿಂಗು ಜೋರಾಗಿ ಹಿಂದಕ್ಕೆ ಒದೆಯುತ್ತದೆ, ಅದನ್ನು ಹಿಡಿಯುವ ಕಸುವು ಶಾಕಿಗೆ ಬೇಕು. ಇಪ್ಪತ್ತು ವರ್ಷದ ಸೋರುವ ಶಾಕಿನ ಮೇಲೆ ಹೊಸ ಬಿಗಿ ಸ್ಪ್ರಿಂಗು ಹಾಕಿದರೆ ಕಾರು ಮಂಡಕ್ಕಿ ಹುರಿಯುವ ಭಟ್ಟಿಯ ಮೇಲೆ ಕೂತಂತೆ ಸಿಡಿಯುತ್ತದೆ.

ಹಳೇ ಮಾದರಿಗಳಿಗೆ ರೆಡಿ ಸ್ಪ್ರಿಂಗು ಸಿಗುವುದು ಕಷ್ಟವಾದ್ದರಿಂದ ಅಳತೆ ಕೊಟ್ಟು ಸುತ್ತಿಸುವವರೂ ಇದ್ದಾರೆ. ಇದು ಒಳ್ಳೆಯ ದಾರಿಯೇ. ಆದರೆ ತಂತಿಯ ದಪ್ಪದ ವಿಷಯದಲ್ಲಿ "ಸ್ವಲ್ಪ ದಪ್ಪ ಹಾಕಿ" ಎಂದು ಹೇಳಬೇಡಿ. ಬಿಗಿ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 10 ಮಿ.ಮೀ. ತಂತಿಯ ಬದಲು 11 ಹಾಕಿದರೆ ಕೈಗೆ ವ್ಯತ್ಯಾಸವೇ ತಿಳಿಯದು, ಬಿಗಿ ಮಾತ್ರ ಶೇ. 46 ಹೆಚ್ಚು. 12 ಹಾಕಿದರೆ ಎರಡು ಪಟ್ಟು. ಸುತ್ತಿದ ಮೇಲೆ ಹದ ಹಾಕಿದ್ದಾರೆಯೇ ಎಂದು ಕೇಳುವುದನ್ನೂ ಮರೆಯಬೇಡಿ.

ಕಾಯಿಲ್‌ಓವರ್ ಎಂದರೆ ಶಾಕಿನ ಮೈಗೆ ಬೋಲ್ಟಿನಂತೆ ಮರೆ (ತಿರುಪಿನ ಗೆರೆ) ಕೊಯ್ದು, ಅದರ ಮೇಲೆ ಸ್ಪ್ರಿಂಗಿನ ಸೀಟನ್ನು ಬಳೆಯಂತೆ ತಿರುಗಿಸಿ ಏರಿಸುವ ಇಳಿಸುವ ಏರ್ಪಾಡು. ಎತ್ತರವನ್ನು ಮನಸ್ಸಿಗೆ ಬಂದಂತೆ ಬದಲಿಸಬಹುದು, ಶಾಕೂ ಗಿಡ್ಡ ಸ್ಪ್ರಿಂಗಿಗೆ ಹೊಂದುವಂತೆಯೇ ಬರುತ್ತದೆ. ಬೆಲೆ ಮೇಲೆ ಹೇಳಿದ ಎಲ್ಲಕ್ಕಿಂತ ಹೆಚ್ಚು, ಎಷ್ಟೋ ಸಲ ಹಳೇ ಝೆನ್‌ನ ಬೆಲೆಯ ಹತ್ತಿರಕ್ಕೇ ಹೋಗುತ್ತದೆ. ಅತಿ ಅಗ್ಗದ ಕಾಯಿಲ್‌ಓವರ್‌ಗಿಂತ ಒಳ್ಳೆಯ ಮಾಮೂಲಿ ಶಾಕು ಮತ್ತು ಲೋಯರಿಂಗ್ ಸ್ಪ್ರಿಂಗು ವಾಸಿ. ನಮ್ಮ ಕಡೆಯ ಕೆಂಪು ಧೂಳು, ಮಳೆಗಾಲದ ರಾಡಿ ಆ ಮರೆಯೊಳಗೆ ಕೂತರೆ ಒಂದೇ ವರ್ಷಕ್ಕೆ ಬಳೆ ತಿರುಗುವುದನ್ನೇ ನಿಲ್ಲಿಸುತ್ತದೆ. ಗಾಳಿ ಚೀಲದ ಸಸ್ಪೆನ್ಷನ್ ಬೇರೆಯೇ ಲೋಕ, ಬಜೆಟ್ ಎಂಬ ಮಾತಿಗೂ ಅದಕ್ಕೂ ಸಂಬಂಧವಿಲ್ಲ.

ಪಟ್ಟಿ ಇರುವ ಕಾರುಗಳು

ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ಹಿಂಭಾಗದಲ್ಲಿ ಸುರುಳಿ ಇಲ್ಲ, ಲಾರಿಯಂತೆ ಒಂದರ ಮೇಲೊಂದು ಕೂರಿಸಿದ ಬಾಗಿದ ಉಕ್ಕಿನ ಪಟ್ಟಿಗಳಿವೆ. ಹೆದ್ದಾರಿಯ ಮೇಲಿರುವ ನಮ್ಮೂರಿನಲ್ಲೂ ಚಿತ್ರದುರ್ಗದಲ್ಲೂ ಲಾರಿ ಪಟ್ಟಿ ಕೆಲಸ ಗೊತ್ತಿರುವವರಿಗೆ ಬರವಿಲ್ಲ. ಪಟ್ಟಿಯ ಬಾಗನ್ನು ಕಡಿಮೆ ಮಾಡಿಸಿದರೆ ಪಟ್ಟಿಗಳ ಸಂಖ್ಯೆ ಹಾಗೇ ಇದ್ದು ಕಾರು ಇಳಿಯುತ್ತದೆ. ಪಟ್ಟಿಯನ್ನೇ ಕಿತ್ತುಹಾಕಿದರೂ ಇಳಿಯುತ್ತದೆ, ಆದರೆ ಅದು ಮಂಚದ ಹಲಗೆ ಕಿತ್ತಂತೆ. ಭಾರ ಹೊರುವ ಶಕ್ತಿಯೂ ಹೋಗುತ್ತದೆ, ಕ್ಲಚ್ ಬಿಟ್ಟಾಗ ಆಕ್ಸಲ್ ಹೊರಳುವುದೂ ಹೆಚ್ಚುತ್ತದೆ.

ಮೂರನೆಯದು ಬ್ಲಾಕ್. ಆಕ್ಸಲ್‌ಗೂ ಪಟ್ಟಿಗೂ ನಡುವೆ ಲೋಹದ ದಿಮ್ಮಿಯಿಟ್ಟು ಉದ್ದದ ಯು ಬೋಲ್ಟ್ ಹಾಕುವುದು. ಇಲ್ಲಿ ಲಾರಿ ಅನುಭವವನ್ನು ಹಾಗೇ ತಂದರೆ ಎಡವಟ್ಟಾಗುತ್ತದೆ. ಲಾರಿಯಲ್ಲಿ ಪಟ್ಟಿ ಆಕ್ಸಲ್‌ನ ಮೇಲಿರುತ್ತದೆ, ಅಲ್ಲಿ ಬ್ಲಾಕ್ ಇಟ್ಟರೆ ಗಾಡಿ ಏರುತ್ತದೆ. ಆಕ್ಸಲ್ ಪಟ್ಟಿಯ ಮೇಲೆ ಕೂತಿರುವ ಕಾರಿನಲ್ಲಿ ಮಾತ್ರ ಬ್ಲಾಕ್ ಇಟ್ಟರೆ ಇಳಿಯುತ್ತದೆ. ಬಗ್ಗಿ ನೋಡಿಯೇ ಕೆಲಸ ಹೇಳಬೇಕು. ಮರದ ದಿಮ್ಮಿಯಾಗಲಿ, ಒಂದರ ಮೇಲೊಂದು ಪೇರಿಸಿದ ಬ್ಲಾಕಾಗಲಿ ಬೇಡ.

ಹಳೇ ಅಂಬಾಸಿಡರಿನ ಮುಂಭಾಗದಲ್ಲಿ ಟಾರ್ಷನ್ ಬಾರ್ ಇತ್ತು. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುವ ಉದ್ದನೆಯ ಸರಳು. ಅದರ ತುದಿಯನ್ನು ಹೊಂದಿಸಿದರೆ ಖರ್ಚಿಲ್ಲದೆ ಎತ್ತರ ಬದಲಾಗುತ್ತದೆ. ಆದರೆ ಸರಳಿನ ಬಿಗಿ ಒಂದಿಷ್ಟೂ ಏರುವುದಿಲ್ಲ, ಜಾಗ ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಒಂದು ಬೆರಳಿನಷ್ಟಕ್ಕೆ ನಿಲ್ಲಿಸಿ.

ಇಳಿದ ಮೇಲೆ ಚಕ್ರ, ಬ್ರೇಕು

ಕಾರು ಇಳಿದಾಗ ಚಕ್ರದ ನಿಲುವೂ ಬದಲಾಗುತ್ತದೆ. ಚಕ್ರದ ತಲೆ ಒಳಗೋ ಹೊರಗೋ ವಾಲುವುದು ಕ್ಯಾಂಬರ್. ಕಾಲ್ಬೆರಳು ಒಳಗೆ ತಿರುಗಿಸಿ ನಡೆಯುವವರ ಹಾಗೆ ಚಕ್ರದ ಮುಂದಿನ ಅಂಚು ಒಳಗೋ ಹೊರಗೋ ತಿರುಗುವುದು ಟೋ. ಟೈರು ತಿನ್ನುವುದರಲ್ಲಿ ಟೋ ದೊಡ್ಡ ಕಳ್ಳ. ಸ್ವಲ್ಪ ತಪ್ಪಿದರೂ ಟೈರು ಉರುಳುವ ಬದಲು ಅಡ್ಡಕ್ಕೆ ಉಜ್ಜುತ್ತಾ ಹೋಗುತ್ತದೆ. ತಗ್ಗಿಸಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸದೆ ಹೊರಟರೆ ಉಳಿಸಿದ ದುಡ್ಡು ಟೈರಿನಂಗಡಿಗೆ ಹೋಗುತ್ತದೆ.

ಬ್ರೇಕಿನದು ಯಾರೂ ಹೇಳದ ಮಾತು. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಸಣ್ಣ ಸರಳಿನಿಂದ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಹಿಂಭಾಗ ತಗ್ಗಿದರೆ "ಓಹೋ, ಸಾಮಾನು ತುಂಬಿದ್ದಾರೆ" ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುವುದು ಅದರ ಕೆಲಸ. ನೀವು ಸ್ಪ್ರಿಂಗು ಗಿಡ್ಡ ಮಾಡಿದರೂ ಅದು ಹಾಗೇ ತಿಳಿಯುತ್ತದೆ. ಖಾಲಿ ಕಾರಿನಲ್ಲಿ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಹಿಡಿದುಕೊಂಡು ಕಾರು ಸುತ್ತಿಕೊಳ್ಳುತ್ತದೆ. ನಿಮ್ಮ ಗಾಡಿಯಲ್ಲಿ ಆ ವಾಲ್ವ್ ಇದ್ದರೆ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು.

ಕಾನೂನು, ಎಫ್‌ಸಿ, ಇನ್ಶೂರೆನ್ಸ್

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪತ್ರ) ಮಾಡಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹಳೇ ಗುಂಡುಮುಖದ ಝೆನ್ ತಯಾರಿಕೆ ನಿಂತದ್ದು 2006ರಲ್ಲಿ, ಹಾಗಾಗಿ ಈಗ ಓಡುವ ಅಂಥ ಎಲ್ಲ ಝೆನ್‌ಗಳೂ ಈ ಸಾಲಿನಲ್ಲಿ ನಿಲ್ಲುವಂಥವೇ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. ತಯಾರಕರ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ವಿಧಿಸಲು ಅವಕಾಶವಿದೆ. ಅಪಘಾತವಾದಾಗ ಇನ್ಶೂರೆನ್ಸಿನವರು ಕತ್ತರಿಸಿದ ಸ್ಪ್ರಿಂಗು ತೋರಿಸಿ ತಕರಾರು ತೆಗೆದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಕೈ ಹಾಕುವ ಮುನ್ನ ಆರ್‌ಟಿಒದಲ್ಲೂ ಇನ್ಶೂರೆನ್ಸಿನವರಲ್ಲೂ ಕೇಳಿ, ಇನ್ಶೂರೆನ್ಸಿನವರ ಮಾತನ್ನು ಬರಹದಲ್ಲಿ ಪಡೆಯಿರಿ. ಬಿಚ್ಚಿದ ಮೂಲ ಸ್ಪ್ರಿಂಗನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಅಟ್ಟದಲ್ಲಿಡಿ. ಕತ್ತರಿಸಿದ್ದರೆ ಆ ದಾರಿಯೂ ಮುಚ್ಚಿಹೋಗಿರುತ್ತದೆ.

ನಮ್ಮ ಝೆನ್‌ಗೆ ಏನಾಯಿತು

ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ತಿಂದು, ಪಿ.ಬಿ. ರಸ್ತೆಯ ಹತ್ತಿರದ ಪರಿಚಿತ ಗ್ಯಾರೇಜಿಗೆ ಗಾಡಿ ಒಯ್ದೆವು. ಮೇಸ್ತ್ರಿ ಏನೂ ಮಾತಾಡದೆ ಮುಂದಿನ ಮಡ್‌ಗಾರ್ಡ್ ಮೇಲೆ ಅಂಗೈ ಊರಿ ಒಮ್ಮೆ ಜೋರಾಗಿ ಅದುಮಿ ಬಿಟ್ಟರು. ಕಾರು ಎದ್ದಿತು, ಕೂತಿತು, ಎದ್ದಿತು, ಕೂತಿತು, ಮತ್ತೆ ಎದ್ದಿತು. ಒಳ್ಳೆಯ ಶಾಕಾದರೆ ಒಮ್ಮೆ ಎದ್ದು ತನ್ನ ಜಾಗಕ್ಕೆ ಬಂದು ನಿಲ್ಲಬೇಕು. ಕೆಳಗೆ ಬಗ್ಗಿದರೆ ಶಾಕಿನ ಮೈಯೆಲ್ಲ ಎಣ್ಣೆ, ಎಣ್ಣೆಯ ಮೇಲೆ ಧೂಳಿನ ಹಪ್ಪಳ. ಆರ್ಮಿನ ಕೀಲಿನ ರಬ್ಬರು, ಅಂದರೆ ಬುಷ್, ಸೀಳಿತ್ತು. ಟೇಪು ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಮೂಲೆ ಅಳೆದೆವು. ಹಿಂದಿನ ಎಡಗಡೆ 8 ಮಿ.ಮೀ. ಕೆಳಗೆ.

"ನಿನ್ನ ಗಾಡಿ ಆಗ್ಲೇ ತಗ್ಗಿದೆಯಲ್ಲೋ" ಎಂದರು ಮೇಸ್ತ್ರಿ. ಇಪ್ಪತ್ತು ವರ್ಷ ಭಾರ ಹೊತ್ತ ಸ್ಪ್ರಿಂಗು ಕೂತುಬಿಟ್ಟಿತ್ತು. ಕೂತ ಸ್ಪ್ರಿಂಗನ್ನು ಅಳೆದು ಅದರ ಮೇಲೆ ಕತ್ತರಿಸಿದ್ದರೆ ಒಂದು ಮೂಲೆ ಒಂದು ಎತ್ತರ, ಇನ್ನೊಂದು ಮೂಲೆ ಇನ್ನೊಂದು ಎತ್ತರ ಆಗುತ್ತಿತ್ತು.

ಅವನ ಬಳಿ ಇದ್ದ ದುಡ್ಡನ್ನು ಹೀಗೆ ಹಂಚಿದೆವು. ಮೊದಲು ನಾಲ್ಕು ಹೊಸ ಶಾಕು, ಮೇಲಿನ ಮೌಂಟಿಂಗ್ ರಬ್ಬರು, ಬುಷ್‌ಗಳು, ಬಂಪ್ ಸ್ಟಾಪ್. ಇದಕ್ಕೇ ಅರ್ಧಕ್ಕಿಂತ ಹೆಚ್ಚು ಹೋಯಿತು, ಕಾರು ಒಂದು ಕೂದಲೂ ತಗ್ಗಲಿಲ್ಲ, ಹುಡುಗನ ಮುಖ ಸಪ್ಪಗಾಯಿತು. ಹದಡಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ ಮೇಲೆ ಸ್ವಲ್ಪ ನಗು ಬಂತು. ಎರಡನೆಯ ಕಂತಿಗೆ ಎರಡು ತಿಂಗಳು ಕಾಯುವಂತೆ ಹೇಳಿದ್ದೇನೆ. ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ವಿಚಾರಿಸುವ ಕೆಲಸ ಅಷ್ಟರೊಳಗೆ ಅವನದು. ಅಲ್ಲಿಂದ ಅಡ್ಡಿಯಿಲ್ಲವೆಂದರೆ 30 ಮಿ.ಮೀ. ಇಳಿಸುವ ಸ್ಪ್ರಿಂಗು ಜೋಡಿ, ಜೋತುಬಿದ್ದಾಗ ಅಲುಗುತ್ತದೆಯೇ ಎಂಬ ಪರೀಕ್ಷೆ, ಅದೇ ದಿನ ಅಲೈನ್‌ಮೆಂಟ್. ಹೊಸ ಸ್ಪ್ರಿಂಗು ಕೆಲವು ನೂರು ಕಿ.ಮೀ. ಓಡುವಷ್ಟರಲ್ಲಿ ಇನ್ನೊಂದಿಷ್ಟು ಕೂರುತ್ತದೆ. ಹಾಗಾಗಿ ಆಮೇಲೆ ಮತ್ತೆ ನಾಲ್ಕೂ ಮೂಲೆ ಅಳೆದು ಅಲೈನ್‌ಮೆಂಟ್ ಇನ್ನೊಮ್ಮೆ, ರಾತ್ರಿ ಮನೆಯ ಕಾಂಪೌಂಡ್ ಗೋಡೆಗೆ ಹೆಡ್‌ಲೈಟ್ ಬಿಟ್ಟು ಎರಡೂ ಬೆಳಕು ಒಂದೇ ಮಟ್ಟದಲ್ಲಿದೆಯೇ ಎಂದು ನೋಡುವುದು. ಅಳತೆಯ ಚೀಟಿಯನ್ನು ಅವನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾನೆ. ಹಿಂದಿನ ಎಡಗಡೆಯ 8ರ ಕೆಳಗೆ ಕೆಂಪು ಗೆರೆ ಎಳೆದಿದ್ದಾನೆ.